ಎನ್‌ಪಿಟೆಲ್ ಕೋರ್ಸ್ ಅರ್ಧಕ್ಕೇ ನಿಲ್ಲಬಾರದು ಅಂದ್ರೆ

ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ಸ್ವಯಂನಲ್ಲಿ ಐಐಟಿ, ಐಐಎಸ್‌ಸಿಗಳು ನಡೆಸುವ ಎನ್‌ಪಿಟೆಲ್ ಕೋರ್ಸಿಗೆ ಸೇರುವವರಿಗೆ ಒಂದು ಮಾತು. ಸೇರುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಅದಕ್ಕೇ ಬಿಡುವುದೂ ಸುಲಭ ಅಲ್ವಾ! ನಾನೇ ಎರಡು ಸಲ ಮೂರನೇ ವಾರಕ್ಕೆ ಕೈಬಿಟ್ಟಿದ್ದೆ. ಈ ಸಲ ವಿಡಿಯೊಗಿಂತ ಮೊದಲೇ ಆ ವಾರದ ಅಸೈನ್‌ಮೆಂಟ್ ತೆರೆದು ಪ್ರಶ್ನೆಗಳನ್ನು ಓದಿಕೊಂಡೆ. ಆಮೇಲೆ ಪಾಠ ಕೇಳುವಾಗ ಉತ್ತರ ಎಲ್ಲಿದೆ ಅಂತ ಮನಸ್ಸು ಹುಡುಕುತ್ತಿರುತ್ತದೆ, ತೂಕಡಿಕೆ ಬರುವುದಿಲ್ಲ. ಒಂದು ವಾರ ತಪ್ಪಿತು ಅಂತ ಬಿಟ್ಟುಬಿಡಬೇಡಿ. 12 ವಾರದ ಕೋರ್ಸಿನಲ್ಲಿ ಸಾಮಾನ್ಯವಾಗಿ ಜಾಸ್ತಿ ಅಂಕ ಬಂದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. ಅದಕ್ಕೆ 25 ಅಂಕ, ಪರೀಕ್ಷೆಗೆ 75. ಜೊತೆಗೆ ಪರಿಚಯದವರೊಬ್ಬರನ್ನು ಸೇರಿಸಿಕೊಳ್ಳಿ. "ಈ ವಾರದ್ದು ಹಾಕಿದ್ಯಾ?" ಅಂತ ಭಾನುವಾರ ಒಂದು ಮೆಸೇಜ್ ಬಂದರೆ ಸುಮ್ನೆ ಕೂರುವುದಕ್ಕೆ ಆಗುವುದಿಲ್ಲ.