ಕಾರಿನ ಕಟಕಟಕ್ಕೆ ಡ್ಯಾಂಪಿಂಗ್ ಶೀಟ್: ಎಲ್ಲಿ ಅಂಟಿಸಬೇಕು, ಎಲ್ಲಿ ಬೇಡ

ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ಮನೆಗಳಿಗೆ ಹೋಗುವ ಜಲ್ಲಿ ರಸ್ತೆಗಳಲ್ಲಿ ಒಂದೆರಡು ಮಳೆಗಾಲ ಓಡಾಡಿದರೆ ಎಂಥ ಕಾರಾದರೂ ಲೊಡಲೊಡ ಅನ್ನಲು ಶುರು ಮಾಡುತ್ತದೆ. ಆಕ್ಸೆಸರಿ ಅಂಗಡಿಯಲ್ಲಿ ಕೇಳಿದರೆ, "ನಾಲ್ಕೂ ಬಾಗಿಲಿಗೆ ಶೀಟ್ ಹಾಕಿಸಿಬಿಡಿ ಸಾರ್, ಎಲ್ಲಾ ಸರಿಹೋಗುತ್ತೆ" ಅನ್ನುತ್ತಾರೆ. ಹಾಕಿಸಿದ ಮೇಲೆ ಬಾಗಿಲು ಧಪ್ ಅಂತ ಗಟ್ಟಿಯಾಗಿ ಮುಚ್ಚುತ್ತದೆ, ಸ್ಪೀಕರ್ ಚೆನ್ನಾಗಿ ಕೇಳುತ್ತದೆ, ಕಟಕಟ ಮಾತ್ರ ಇದ್ದಲ್ಲೇ ಇರುತ್ತದೆ. ಶೀಟಿನ ತಪ್ಪಲ್ಲ ಅದು. ಶೀಟಿನ ಕೆಲಸವೇ ಬೇರೆ.

ಈ ಶೀಟ್ ಅಂದರೆ ಸುಮಾರು 2 ಮಿಲಿಮೀಟರ್ ದಪ್ಪದ ಬ್ಯೂಟೈಲ್ ರಬ್ಬರ್, ಮೇಲೊಂದು ಅಲ್ಯೂಮಿನಿಯಂ ಪದರ. ಜಾಗಟೆ ಬಾರಿಸಿ ತಕ್ಷಣ ಅಂಗೈ ಒತ್ತಿದರೆ ಸದ್ದು ಅಲ್ಲೇ ಸಾಯುತ್ತದಲ್ವಾ, ಬಾಗಿಲಿನ ತೆಳು ತಗಡಿನ ಮೇಲೆ ಇದು ಮಾಡುವುದೂ ಅಷ್ಟೇ. ತಗಡು ಅದುರಿದಾಗ ನಡುವಿನ ರಬ್ಬರ್ ಎಳೆದಾಡಿ, ಆ ಅದುರನ್ನು ಒಂದಿಷ್ಟು ಶಾಖವಾಗಿ ಬದಲಿಸಿ ತಿಂದುಹಾಕುತ್ತದೆ. ಆದರೆ ಕಟಕಟ ಅನ್ನುವುದು ಎರಡು ಗಟ್ಟಿ ವಸ್ತುಗಳು ಒಂದಕ್ಕೊಂದು ಬಡಿಯುವ ಸದ್ದು. ಅದಕ್ಕೆ ಬೋಲ್ಟ್ ಬಿಗಿಯಾಗಬೇಕು, ಇಲ್ಲವೇ ನಡುವೆ ಮೆತ್ತಗಿನದ್ದೇನಾದರೂ ಬರಬೇಕು. ಹಾಗಾಗಿ ಮೊದಲು ಹುಡುಕಬೇಕು.

ಹುಡುಕುವ ಮೊದಲು ಕಾರನ್ನು ಪೂರ್ತಿ ಖಾಲಿ ಮಾಡಿ. ಗ್ಲೋವ್ ಬಾಕ್ಸ್, ಬಾಗಿಲಿನ ಜೇಬು, ಸೀಟಿನ ಅಡಿ, ಡಿಕ್ಕಿಯಲ್ಲಿರುವ ಕೊಡೆ, ಹಗ್ಗ, ಟಾರ್ಚು ಎಲ್ಲವೂ ಹೊರಗೆ. ಡಿಕ್ಕಿಯ ಮ್ಯಾಟ್ ಎತ್ತಿ ಜಾಕ್, ಸ್ಪ್ಯಾನರ್, ಸ್ಟೆಪ್ನಿ ಬಿಗಿಯಾಗಿವೆಯಾ ನೋಡಿ. ಎಷ್ಟೋ ಕಾರುಗಳ ರೋಗ ಇಲ್ಲಿಗೇ ವಾಸಿಯಾಗುತ್ತದೆ. ಆಮೇಲೆ ಇನ್ನೊಬ್ಬರ ಕೈಗೆ ಸ್ಟೇರಿಂಗ್ ಕೊಟ್ಟು, ಕೆಟ್ಟ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಲು ಹೇಳಿ. ಎಸಿ, ಹಾಡು ಎರಡೂ ಬಂದ್. ನೀವು ಒಮ್ಮೆ ಮುಂದೆ, ಒಮ್ಮೆ ಹಿಂದೆ ಕೂತು ಒಂದೊಂದೇ ಭಾಗವನ್ನು ಕೈಯಿಂದ ಒತ್ತಿ ಹಿಡಿಯುತ್ತಾ ಬನ್ನಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲಿಗೆ ಪೇಪರ್ ಟೇಪಿನ ಒಂದು ಚೂರು ಅಂಟಿಸಿ ಗುರುತು ಮಾಡಿ. ಖಾಲಿ ಸೀಟಿನ ಬೆಲ್ಟಿನ ಕೊಂಡಿ ಪಕ್ಕದ ಪ್ಲಾಸ್ಟಿಕ್‌ಗೆ ಬಡಿಯುವುದು, ಹಿಂದಿನ ಪಾರ್ಸೆಲ್ ಟ್ರೇ, ಮಡಚುವ ಸೀಟಿನ ಲಾಕು, ನಂಬರ್ ಪ್ಲೇಟು, ಇವೆಲ್ಲ ಹಳೆಯ ಕಳ್ಳರು.

ಕಾರು ನಿಂತಿದ್ದಾಗ, ಎಂಜಿನ್ ಐಡಲ್‌ನಲ್ಲಿರುವಾಗ ಅಡಿಯಿಂದ ತಗಡು ನಡುಗುವ ಝರ್ ಸದ್ದು ಬಂದರೆ ಸೈಲೆನ್ಸರ್ ಪೈಪಿನ ಮೇಲಿರುವ ಹೀಟ್ ಶೀಲ್ಡ್, ಅಂದರೆ ಬಿಸಿ ತಡೆಯುವ ತಗಡು, ಸಡಿಲವಾಗಿರಬಹುದು. ಅದಕ್ಕೊಂದು ಸ್ಟೀಲ್ ಕ್ಲಾಂಪ್ ಸಾಕು. ಅಲ್ಲಿಗೆ ರಬ್ಬರ್ ಶೀಟ್ ಒಯ್ಯಲೇಬೇಡಿ, ಆ ಬಿಸಿಗೆ ಕರಗಿ ಹೊಗೆಯೇಳುತ್ತದೆ. ಗುಂಡಿಗೆ ಚಕ್ರ ಇಳಿದಾಗಲೆಲ್ಲ ಟಕ್ ಟಕ್ ಅಂದರೆ ಅದು ಸ್ಟೆಬಿಲೈಜರ್ ಲಿಂಕೋ, ಲೋವರ್ ಆರ್ಮ್ ಬುಶ್ಶೋ, ಅಂಥ ಸಸ್ಪೆನ್ಶನ್ ಭಾಗ ಸವೆದಿರಬಹುದು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲೋ ನಿಮ್ಮೂರಲ್ಲೋ ಒಬ್ಬ ಒಳ್ಳೆ ಮೆಕ್ಯಾನಿಕ್ ಹತ್ತಿರ ಗಾಡಿ ಎತ್ತಿಸಿ ತೋರಿಸಿ. ಇದನ್ನು ಶೀಟ್ ಹಾಕಿ ಮುಚ್ಚಿಡುವುದು ಅಪಾಯ ಕೂಡ, ಆಗುಂಬೆ ಘಾಟಿಯ ತಿರುವುಗಳಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುವ ಭಾಗಗಳು ಅವು.

ಒಳಗಿನ ಪ್ಲಾಸ್ಟಿಕ್ ಸದ್ದುಗಳಿಗೆ ನನ್ನ ಮೊದಲ ಮದ್ದು ಬಟ್ಟೆಯ ಟೇಪು. ವೈರಿಂಗ್ ಕೆಲಸದವರು ಬಳಸುವ, ಮುಟ್ಟಿದರೆ ಮೃದುವಾಗಿರುವ ಕಪ್ಪು ಟೇಪು ಅದು. ಎರಡು ಪ್ಲಾಸ್ಟಿಕ್ ಸೇರುವ ಅಂಚಿಗೆ ಒಂದು ಪಟ್ಟಿ, ಸಡಿಲವಾದ ಕ್ಲಿಪ್ಪಿನ ಕತ್ತಿಗೆ ಒಂದು ಸುತ್ತು, ಬಾಗಿಲೊಳಗಿನ ವೈರು ಮತ್ತು ಲಾಕಿನ ಕಂಬಿಗೆ ಒಂದು ಸುತ್ತು. ಅಂಟಿಸುವ ಮೊದಲು ಆ ಸಂದಿಯಲ್ಲಿ ಕೂತ ಕೆಮ್ಮಣ್ಣಿನ ಧೂಳು ತೆಗೆಯಿರಿ, ಇಲ್ಲದಿದ್ದರೆ ಟೇಪು ಧೂಳಿಗೆ ಅಂಟುತ್ತದೆಯೇ ಹೊರತು ಪ್ಲಾಸ್ಟಿಕ್‌ಗಲ್ಲ. ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗ್ ಕಿರ್ ಕಿರ್ ಅಂದರೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಇಷ್ಟಾದ ಮೇಲೂ ಬಾಗಿಲು ಡಬಡಬ ಅನ್ನುತ್ತಿದ್ದರೆ, ಹಾಡಿನ ಬೇಸ್‌ಗೆ ತಗಡು ನಡುಗುತ್ತಿದ್ದರೆ, ಈಗ ಶೀಟ್ ತನ್ನಿ. ಮಲೆನಾಡಿನಲ್ಲಿ ಈ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿಬಿಡುವುದು ಒಳ್ಳೆಯದು. ಜುಲೈಯಲ್ಲಿ ಬಾಗಿಲಿನ ಒಳಗೋಡೆ ಒಣಗುವುದೇ ಇಲ್ಲ, ಒದ್ದೆ ತಗಡಿಗೆ ಅಂಟು ಹಿಡಿಯುವುದಿಲ್ಲ, ಹಿಡಿದರೂ ಅಡಿಯಲ್ಲಿ ತುಕ್ಕು ಶುರುವಾಗುತ್ತದೆ. ಬಿಟುಮೆನ್ ಶೀಟ್ ಅಗ್ಗಕ್ಕೆ ಸಿಗುತ್ತದೆ, ಆದರೆ ಬಿಸಿಲಲ್ಲಿ ಡಾಂಬರಿನ ವಾಸನೆ ಬರುತ್ತದೆ, ಕಾಲಕ್ರಮದಲ್ಲಿ ಜಾರುತ್ತದೆ. ಬ್ಯೂಟೈಲ್ ಅಂತ ಕೇಳಿಯೇ ತಗೊಳ್ಳಿ.

ಬ್ಯಾಟರಿಯ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಬಿಡಿ. ಬಾಗಿಲಿನ ಒಳಹಿಡಿಕೆಯ ಹಿಂದೆ, ಕೈ ಇಡುವ ಜಾಗದಲ್ಲಿ, ಪುಟ್ಟ ಮುಚ್ಚಳದಡಿ ಸ್ಕ್ರೂಗಳು ಅಡಗಿರುತ್ತವೆ. ಎಲ್ಲಾ ಬಿಚ್ಚಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಡೋರ್ ಪ್ಯಾಡನ್ನು, ಅಂದರೆ ಬಾಗಿಲಿನ ಒಳಬದಿಯ ಹೊದಿಕೆಯನ್ನು, ಕೆಳಗಿನಿಂದ ನಿಧಾನಕ್ಕೆ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿದರೆ ಗೀರು ಗ್ಯಾರಂಟಿ. ಒಂದೆರಡು ಕ್ಲಿಪ್ಪು ಮುರಿದೇ ಮುರಿಯುತ್ತವೆ, ಮೊದಲೇ ಒಂದಿಷ್ಟು ತಂದಿಟ್ಟುಕೊಳ್ಳಿ. ಪ್ಯಾಡಿನ ಹಿಂದೆ ತೆಳು ಪ್ಲಾಸ್ಟಿಕ್ ಹಾಳೆಯೊಂದು ಅಂಟಿಕೊಂಡಿರುತ್ತದೆ. ಬೇಡದ ಕಸ ಅಂತ ಕಿತ್ತು ಎಸೆಯುವವರಿದ್ದಾರೆ. ದಯವಿಟ್ಟು ಹರಿಯದೆ ಬಿಡಿಸಿಡಿ, ಮಳೆನೀರು ಕಾರಿನೊಳಗೆ ಬರದಂತೆ ತಡೆಯುವುದೇ ಅದು.

ಹೊರತಗಡಿನ ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಲು ಬಿಡಿ. ಸೀಮೆಎಣ್ಣೆ, ಡೀಸೆಲ್ ಬೇಡ, ಜಿಡ್ಡು ಉಳಿಸುತ್ತವೆ. ಬೆರಳ ಗೆಣ್ಣಿನಿಂದ ಹೊರತಗಡನ್ನು ತಟ್ಟುತ್ತಾ ಹೋಗಿ, ಎಲ್ಲಿ ಡಬ್ ಅಂತ ಟೊಳ್ಳಾಗಿ ಕೇಳುತ್ತದೋ ಆ ನಡುಭಾಗಕ್ಕೆ ಒಳಗಡೆಯಿಂದ ಶೀಟ್ ಅಂಟಿಸಿ. ಇಡೀ ಬಾಗಿಲು ಬೆಳ್ಳಿಯ ಹಾಗೆ ಹೊಳೆಯಬೇಕಿಲ್ಲ. ತಗಡಿನ ಕಾಲುಭಾಗದಿಂದ ಮೂರನೇ ಒಂದು ಭಾಗ ಮುಚ್ಚಿದರೆ ಬಹುಪಾಲು ಲಾಭ ಬಂದುಬಿಡುತ್ತದೆ. ಉಳಿದದ್ದು ಸುಮ್ನೆ ಭಾರ, ಸುಮ್ನೆ ದುಡ್ಡು. ಸಣ್ಣ ರೋಲರಿನಿಂದ ಗಾಳಿಗುಳ್ಳೆ ಉಳಿಯದಂತೆ ಒತ್ತಬೇಕು. ಮಂಜಿನ ಬೆಳಗ್ಗೆ ಶೀಟ್ ಗಟ್ಟಿಯಾಗಿರುತ್ತದೆ, ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿಕೊಳ್ಳಿ. ಗ್ಲೌಸ್ ಹಾಕಿ, ಅಲ್ಯೂಮಿನಿಯಂ ಅಂಚು ಬೆರಳು ಕುಯ್ಯುತ್ತದೆ.

ಈಗ ನೀರಿನ ವಿಷಯ. ಕಾರಿನ ಬಾಗಿಲಿನೊಳಗೆ ನೀರು ಬರುವುದು ದೋಷವಲ್ಲ. ಗಾಜಿನ ಸಂದಿಯಿಂದ ಇಳಿದ ಮಳೆ ತಳದ ತೂತುಗಳಿಂದ ಹೊರಹೋಗುವಂತೆಯೇ ಅದನ್ನು ಮಾಡಿರುತ್ತಾರೆ. ಆ ತೂತುಗಳ ಮೇಲೆ ಶೀಟ್ ಬಂದರೆ ಬಾಗಿಲೇ ಒಂದು ಕೆರೆ. ತಳದಿಂದ ಎರಡು ಇಂಚು ಬಿಟ್ಟೇ ಅಂಟಿಸಿ, ತೂತಿನಲ್ಲಿ ಮಣ್ಣು ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸಿ. ಸೋಫಾದ ಸ್ಪಂಜು, ಹಳೇ ಕಂಬಳಿ, ಫೆಲ್ಟು ಬಾಗಿಲೊಳಗೆ ತುರುಕಬೇಡಿ, ನೀರು ಕುಡಿದು ಮಳೆಗಾಲ ಪೂರ್ತಿ ಒದ್ದೆಯಾಗೇ ಇರುತ್ತವೆ. ಫೋಮ್ ಬೇಕೇ ಬೇಕು ಅಂದರೆ ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ತಂದು ಡೋರ್ ಪ್ಯಾಡಿನ ಹಿಂಬದಿಗೆ ಹಾಕಿ.

ಏರ್‌ಬ್ಯಾಗ್ ಮುಚ್ಚಳದ ಮೇಲೆ, ಅದರ ಅಂಚಿನಲ್ಲಿ ಟೇಪೂ ಬೇಡ, ಶೀಟೂ ಬೇಡ. ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ. ಕೆಲವು ಕಾರುಗಳ ಬಾಗಿಲಲ್ಲಿ ಅಪಘಾತದ ಪೆಟ್ಟು ಗುರುತಿಸುವ ಸೆನ್ಸರ್ ಇರುತ್ತದೆ, ಅದನ್ನೂ ಮುಚ್ಚಬಾರದು.

ಪ್ಯಾಡ್ ಹಾಕುವ ಮೊದಲು ಬ್ಯಾಟರಿ ಜೋಡಿಸಿ, ಸ್ವಿಚ್ಚಿನ ವೈರು ಹಾಕಿ, ಗಾಜನ್ನು ಪೂರ್ತಿ ಇಳಿಸಿ ಏರಿಸಿ ನೋಡಿ, ಶೀಟಿಗೆ ತಾಗುತ್ತಿದೆಯಾ ಅಂತ. ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಒತ್ತಿ ಕೂರಿಸಿ, ಅಂಟು ಹೋಗಿದ್ದರೆ ಬ್ಯೂಟೈಲ್ ಟೇಪ್ ಹಾಕಿ. ಆಮೇಲೆ ಗಾಜಿನ ಹೊರಗೆ ಒಂದು ಚೊಂಬು ನೀರು ಹೊಯ್ಯಿರಿ. ತಳದಿಂದ ತೊಟ್ಟಿಕ್ಕಬೇಕು, ಹಾಳೆಯ ಈಚೆ, ಕಾರಿನೊಳಗೆ ಒಂದು ಹನಿಯೂ ಕಾಣಬಾರದು. ಕಂಡರೆ ಪ್ಯಾಡ್ ಹಾಕಬೇಡಿ, ಹಾಳೆಯನ್ನು ಬಿಡಿಸಿ ಮತ್ತೆ ಕೂರಿಸಿ.