ಅಳಿಸುವ ಅನಿಮೆ ಸರಣಿಯನ್ನು ನೋಡುವ ಕ್ರಮ

ನೋಡುವವರನ್ನು ಅಳಿಸುತ್ತದೆ ಎಂದು ಹೆಸರು ಪಡೆದ ಅನಿಮೆ (ಜಪಾನಿನ ಅನಿಮೇಷನ್) ಸರಣಿಯ ಕೊನೆಯ ಕಂತುಗಳನ್ನು ರಜೆಯ ಹಿಂದಿನ ರಾತ್ರಿಗೇ ಇಟ್ಟುಕೊಳ್ಳಿ. ಲೆಕ್ಕಪತ್ರ ನೋಡುವ ಕೆಲಸ ನನ್ನದು. ತಿಂಗಳ ಕೊನೆಯ ವಾರದಲ್ಲಿ ನಾನು ಇಂಥವುಗಳ ತಂಟೆಗೇ ಹೋಗುವುದಿಲ್ಲ. ಕಣ್ಣು ಊದಿಸಿಕೊಂಡು ಕಚೇರಿಗೆ ಹೋದರೆ ಮನೆಯಲ್ಲಿ ಏನಾಯಿತು ಎಂದು ಕೇಳುವವರು ಇದ್ದೇ ಇರುತ್ತಾರೆ. "ಒಬ್ಬ ಹುಡುಗಿಯ ಅಮ್ಮನ ಲ್ಯಾಪ್‌ಟಾಪ್ ತೆರೆದುಕೊಂಡಿತು, ಅದಕ್ಕೇ ಹೀಗೆ" ಎಂದರೆ ಯಾರಿಗೆ ಅರ್ಥವಾದೀತು?

ಮೊದಲು ಸಮಯದ ಲೆಕ್ಕ. ಒಂದು ಕಂತು ಸುಮಾರು 24 ನಿಮಿಷ. ಅದರಲ್ಲಿ ಆರಂಭದ ಹಾಡಿಗೂ ಕೊನೆಯ ಹಾಡಿಗೂ ತಲಾ ಒಂದೂವರೆ ನಿಮಿಷ ಹೋಗುತ್ತದೆ. 13 ಕಂತುಗಳ ಸರಣಿ ಐದು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಒಂದೇ ರಾತ್ರಿಯಲ್ಲಿ ಮುಗಿಸಿಬಿಡೋಣ ಎಂಬ ಆಸೆ ಹುಟ್ಟುವುದು ಇಲ್ಲೇ. ಮುಗಿಸಬೇಡಿ. ಇವುಗಳಲ್ಲಿ ಹೆಚ್ಚಿನವನ್ನು ವಾರಕ್ಕೊಂದು ಕಂತಿನಂತೆ ಮೂರು ತಿಂಗಳು ಪ್ರಸಾರ ಮಾಡಲೆಂದು ಕಟ್ಟಿರುತ್ತಾರೆ. ಪಾತ್ರಗಳು ನಮ್ಮೊಳಗೆ ಮನೆ ಮಾಡುವುದು ಆ ಬಿಡುವಿನಲ್ಲಿ. ವಾರವಿಡೀ ಕಾಯುವ ತಾಳ್ಮೆ ನನಗಿಲ್ಲ, ಆದರೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಕಂತು ನೋಡುವುದಿಲ್ಲ.

ಮೊದಲ ಕಂತುಗಳು ಸಪ್ಪೆ ಎನಿಸಿದರೂ ಹಾರಿಸಬೇಡಿ. ಈ ಒಂದು ಮಾತನ್ನು ಕೇಳಿದರೆ ಉಳಿದ ಸಲಹೆಗಳನ್ನು ಬಿಟ್ಟರೂ ನಡೆಯುತ್ತದೆ. ಕ್ಯೋಟೊ ಆನಿಮೇಷನ್ ಸ್ಟುಡಿಯೊ 2018ರಲ್ಲಿ ತಂದ 'ವಯೊಲೆಟ್ ಎವರ್‌ಗಾರ್ಡನ್' ಸರಣಿಯ ಹತ್ತನೆಯ ಕಂತನ್ನೇ ತೆಗೆದುಕೊಳ್ಳಿ. (ನೋಡದವರು ಈ ಪ್ಯಾರಾವನ್ನೂ ಮುಂದಿನದನ್ನೂ ಬಿಟ್ಟು ಓದಿ, ಗುಟ್ಟು ಹೇಳಲಿದ್ದೇನೆ.) ಯುದ್ಧದಲ್ಲಿ ಎರಡೂ ಕೈ ಕಳೆದುಕೊಂಡು ಲೋಹದ ಕೈಗಳನ್ನು ಪಡೆದ ವಯೊಲೆಟ್, ಬೇರೆಯವರ ಪರವಾಗಿ ಪತ್ರ ಟೈಪ್ ಮಾಡಿಕೊಡುವವಳು. ಕಾಯಿಲೆಯ ತಾಯಿಯೊಬ್ಬಳು ಅವಳನ್ನು ಮನೆಗೆ ಕರೆಸಿ ದಿನವೂ ಪತ್ರ ಬರೆಸುತ್ತಾಳೆ. ಅಮ್ಮನ ಜೊತೆ ಕಳೆಯಬೇಕಾದ ಹೊತ್ತನ್ನು ಈ ಪತ್ರಗಳು ತಿನ್ನುತ್ತಿವೆ ಎಂದು ಪುಟ್ಟ ಮಗಳು ಆ್ಯನ್ ಸಿಡಿಮಿಡಿಗೊಳ್ಳುತ್ತಾಳೆ. ಆ ಪತ್ರಗಳೆಲ್ಲ ಅವಳಿಗೇ, ಮುಂದಿನ 50 ವರ್ಷಗಳ ಹುಟ್ಟುಹಬ್ಬಕ್ಕೆ ಒಂದೊಂದು. ಇಷ್ಟಕ್ಕೇ ಯಾರಾದರೂ ಅಳುತ್ತಾರೆ, ತುಣುಕು ನೋಡಿದವರೂ ಅಳುತ್ತಾರೆ. ಆದರೆ ಕಂತಿನ ನಿಜವಾದ ಪೆಟ್ಟು ಆಮೇಲೆ ಬೀಳುತ್ತದೆ. ಕಚೇರಿಗೆ ಮರಳಿದ ವಯೊಲೆಟ್, ಅಲ್ಲಿದ್ದಷ್ಟು ದಿನ ತಡೆದುಕೊಂಡಿದ್ದೆ ಎಂದು ಹೇಳಿ ಬಿಕ್ಕುತ್ತಾಳೆ. ಮೊದಲ ಕಂತುಗಳಲ್ಲಿ ಇವಳ ಪತ್ರಗಳು ಸೇನೆಯ ವರದಿಯ ಹಾಗೆ ಒಣಗಿದ್ದವು. ಎದುರಿಗಿದ್ದವರ ದುಃಖ ಇವಳಿಗೆ ತಾಗುತ್ತಲೇ ಇರಲಿಲ್ಲ. ಅದನ್ನು ನೋಡಿ ಬೇಸರಪಟ್ಟವರಿಗೆ ಮಾತ್ರ ಈ ಬಿಕ್ಕಳಿಕೆಯ ಬೆಲೆ ಗೊತ್ತಾಗುತ್ತದೆ.

ಇನ್ನು ಆ ಲ್ಯಾಪ್‌ಟಾಪ್. ಅದೇ ವರ್ಷದ, ನಾಲ್ವರು ಹುಡುಗಿಯರು ಅಂಟಾರ್ಕ್ಟಿಕಾಕ್ಕೆ ಹೋಗುವ 'ಎ ಪ್ಲೇಸ್ ಫರ್ದರ್ ದ್ಯಾನ್ ದಿ ಯೂನಿವರ್ಸ್' ಸರಣಿಯ ಹನ್ನೆರಡನೆಯ ಕಂತು. ಅವರಲ್ಲೊಬ್ಬಳಾದ ಶಿರಾಸೆಯ ಅಮ್ಮ ಅಲ್ಲಿಯೇ ಕಣ್ಮರೆಯಾದವಳು. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಮಗಳು ಅವಳಿಗೆ ಮಿಂಚಂಚೆ ಕಳುಹಿಸುತ್ತಲೇ ಇದ್ದಳು. ಹಳೆಯ ನೆಲೆಯಲ್ಲಿ ಅಮ್ಮನ ಲ್ಯಾಪ್‌ಟಾಪ್ ಸಿಗುತ್ತದೆ. ಪಾಸ್‌ವರ್ಡ್ ಊಹಿಸುತ್ತಾಳೆ, ತೆರೆಯುತ್ತದೆ. ಓದದ ಅಂಚೆಗಳು ಒಂದೊಂದಾಗಿ ಇಳಿಯತೊಡಗುತ್ತವೆ, ಸಂಖ್ಯೆ ಏರುತ್ತಾ ಸಾವಿರ ದಾಟುತ್ತದೆ. ಎಲ್ಲವೂ ಅವಳೇ ಕಳುಹಿಸಿದವು. ಬಾಗಿಲ ಆಚೆ ಮೂವರು ಗೆಳತಿಯರು ಒಳಗೆ ಹೋಗದೆ ನಿಂತು ಅಳುತ್ತಾರೆ. ಇಂಥ ದೃಶ್ಯ ಬಂದಾಗ ಒಮ್ಮೆ ಹಿಂದಕ್ಕೆ ಹೋಗಿ, ಅಡಿಬರಹ ಓದದೆ ನೋಡಿ. ಜಪಾನಿ ಧ್ವನಿಯಲ್ಲಿ ನೋಡುವವರ ಕಣ್ಣು ಪರದೆಯ ತಳದಲ್ಲೇ ಸಿಕ್ಕಿಬಿದ್ದಿರುತ್ತದೆ. ಅನಿಮೆಯಲ್ಲಿ ಬಹಳ ಹೊತ್ತು ಬಾಯಿ ಮಾತ್ರ ಆಡುತ್ತದೆ, ಉಳಿದದ್ದು ನಿಶ್ಚಲ. ಆದ್ದರಿಂದ ಬೆರಳೋ ತೋಳೋ ಪೂರ್ತಿ ಚಲಿಸಿತು ಎಂದರೆ ಚಿತ್ರ ಬರೆದವರು ಅಲ್ಲಿ ಏನನ್ನೋ ಇಟ್ಟಿದ್ದಾರೆ. ಮುಖಕ್ಕಿಂತ ಕೈಗಳನ್ನು ನೋಡಿ.

ಮುಂದಿನ ಕಂತು ತಾನಾಗಿಯೇ ಶುರುವಾಗುವ ಏರ್ಪಾಡನ್ನು ಸೆಟ್ಟಿಂಗ್ಸ್‌ಗೆ ಹೋಗಿ ನಿಲ್ಲಿಸಿಬಿಡಿ. ಕೊನೆಯ ಹಾಡು ಸುಧಾರಿಸಿಕೊಳ್ಳಲು ಕೊಟ್ಟ ಬಿಡುವು. ಕೆಲವು ಸರಣಿಗಳಲ್ಲಿ, 2011ರ 'ಆನೊಹಾನಾ'ದಲ್ಲಂತೂ, ದೃಶ್ಯ ಮುಗಿಯುವ ಮೊದಲೇ ಆ ಹಾಡು ಮೆಲ್ಲಗೆ ಎದ್ದುಬರುತ್ತದೆ. ಅದನ್ನು ಕತ್ತರಿಸಿ "ಮುಂದಿನ ಕಂತು" ಎಂಬ ಗುಂಡಿ ಒತ್ತುವವರ ಪಕ್ಕದಲ್ಲಿ ನಾನು ಕೂರಲಾರೆ.

ಪಕ್ಕದಲ್ಲಿ ಯಾರು ಕೂರಬೇಕು ಎಂಬುದೂ ಮುಖ್ಯವೇ. ನನ್ನ ತಮ್ಮ ಮೊಬೈಲ್ ನೋಡುತ್ತಲೇ "ಅಕ್ಕಾ, ಇವನು ಯಾರು?" ಎಂದು ಕೇಳುವವನು, ಅವನನ್ನು ಕರೆಯುವುದಿಲ್ಲ. ಅಪ್ಪ ಹಾದುಹೋಗುವಾಗ "ಬರೆದ ಬೊಂಬೆ ಸತ್ತರೆ ಯಾರಾದರೂ ಅಳುತ್ತಾರೇನೇ?" ಎನ್ನುತ್ತಾರೆ. ಬರೆದದ್ದೆಂದು ನನಗೂ ಗೊತ್ತಪ್ಪ ಎಂದು ಹೇಳಿ ಸುಮ್ಮನಾಗುತ್ತೇನೆ. ವಾದಕ್ಕೆ ಇಳಿದರೆ ದೃಶ್ಯ ತಪ್ಪಿಹೋಗುತ್ತದೆ. ಒಬ್ಬರೇ ನೋಡುವುದು ಎಲ್ಲಕ್ಕಿಂತ ಸಲೀಸು.

ಪಾತ್ರದ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಬೇಡಿ, ಕಂಠದಾನ ಮಾಡಿದವರು ಯಾರು ಎಂದು ತಿಳಿಯುವುದಕ್ಕೂ ಬೇಡ. ಹೆಸರು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಹುಡುಕಾಟದ ಪೆಟ್ಟಿಗೆ ತಾನಾಗಿ "ಸಾವು" ಎಂಬ ಪದವನ್ನು ಪಕ್ಕಕ್ಕೆ ಜೋಡಿಸಿ ತೋರಿಸುತ್ತದೆ.

ಮುಗಿದ ಮೇಲೆ ಏನು? ಅತ್ತು ತಲೆನೋವು ಬಂದಿರುತ್ತದೆ. ಮುಖ ತೊಳೆದು, ನೀರು ಕುಡಿದು ಮಲಗಿ. ಮರುದಿನ ಸಂಜೆ ಅದೇ ಹೊತ್ತಿಗೆ ಕೈ ರಿಮೋಟ್ ಹುಡುಕುತ್ತದೆ, ನೋಡಲು ಏನೂ ಇರುವುದಿಲ್ಲ. ಕಥೆಯ ದುಃಖಕ್ಕಿಂತ ಈ ಖಾಲಿತನವೇ ಹೆಚ್ಚು ಕಾಡುತ್ತದೆ, ಏಕೆಂದರೆ ದಿನವೂ ಮನೆಗೆ ಬರುತ್ತಿದ್ದವರು ಬರುವುದು ನಿಂತಿರುತ್ತದೆ. ಆ ಜಾಗಕ್ಕೆ ತಕ್ಷಣ ಇನ್ನೊಂದು ಅಳಿಸುವ ಸರಣಿಯನ್ನು ತುರುಕಬೇಡಿ, ಎರಡೂ ಕೆಡುತ್ತವೆ. ವಿಮರ್ಶೆಗಳನ್ನೂ ಆಗಲೇ ಓದಬೇಡಿ. ನೀವು ಅತ್ತ ಜಾಗವನ್ನು ಅಗ್ಗದ ತಂತ್ರ ಎಂದು ಯಾರೋ ಒಬ್ಬರು ಬರೆದೇ ಬರೆದಿರುತ್ತಾರೆ. ನಾನು ಒಂದು ನೋಟ್ ಪುಸ್ತಕದಲ್ಲಿ ಸರಣಿಯ ಹೆಸರು ಬರೆದು, ಕೆಳಗೆ ಮನಸ್ಸಿಗೆ ತಾಗಿದ ಒಂದೇ ಸಂಗತಿಯನ್ನು ಬರೆಯುತ್ತೇನೆ. ಅಂಟಾರ್ಕ್ಟಿಕಾದ ಸರಣಿಗೆ "ಬಾಗಿಲ ಆಚೆ ಮೂವರು" ಎಂದಷ್ಟೇ ಇದೆ. ಅದರ ಹಾಡುಗಳನ್ನು ಕೆಲವು ವಾರ ಮೊಬೈಲಿಗೆ ಹಾಕಿಕೊಳ್ಳದಿರುವುದು ಕ್ಷೇಮ. ಬಸ್ಸಿನಲ್ಲಿ ನಿಂತಿರುವಾಗ ಶುರುವಾದರೆ ಮುಖ ಮುಚ್ಚಿಕೊಳ್ಳಲು ಕೈ ಬಿಡುವಿರುವುದಿಲ್ಲ.

ತಿಂಗಳು ಕಳೆದ ಮೇಲೆ ಮೊದಲ ಕಂತನ್ನು ಮಾತ್ರ ಮತ್ತೆ ನೋಡಿ. 22 ಕಂತುಗಳ 'ಯುವರ್ ಲೈ ಇನ್ ಏಪ್ರಿಲ್' ಇದಕ್ಕೆ ಹೇಳಿ ಮಾಡಿಸಿದ್ದು. ಹೆಸರಿನಲ್ಲಿರುವ ಆ ಸುಳ್ಳನ್ನು ಮೊದಲ ಕಂತಿನಲ್ಲೇ ನಮ್ಮ ಕಣ್ಣೆದುರು ಇಟ್ಟಿರುತ್ತಾರೆ. ಮೊದಲ ಸಲ ಅದನ್ನು ಹಗುರ ಹರಟೆ ಎಂದುಕೊಂಡು ನಕ್ಕಿರುತ್ತೇವೆ.

ಇತ್ತೀಚೆಗೆ ಹತ್ತಿರದವರನ್ನು ಕಳೆದುಕೊಂಡಿದ್ದರೆ ಇದಾವುದೂ ಈಗ ಬೇಡ. ಅಂಥ ಹೊತ್ತಿನಲ್ಲಿ ಸರಣಿ ನೆಪ ಮಾತ್ರ, ಅಳು ಬೇರೆಯದೇ. ಕೆಲವರಿಗೆ ಅದೂ ಹಗುರ ಮಾಡುತ್ತದೆ ನಿಜ, ಆದರೆ ಒಬ್ಬರೇ ಕೂತು ಪರೀಕ್ಷಿಸಬೇಡಿ. ವಾರಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ.

ಬೇರೆಯವರಿಗೆ ಶಿಫಾರಸು ಮಾಡುವಾಗ "ಖಂಡಿತ ಅಳುತ್ತೀರಿ" ಎನ್ನಬೇಡಿ. ಹಾಗೆ ಹೇಳಿಸಿಕೊಂಡವರು ಎದೆ ಬಿಗಿಹಿಡಿದು, ಎಲ್ಲಿ ಅಳಿಸುತ್ತಾನೋ ನೋಡೇಬಿಡೋಣ ಎಂದು ಕಾವಲು ಕೂರುತ್ತಾರೆ. ನಾಲ್ಕು ಕಂತು ನೋಡಿ, ಹಿಡಿಸದಿದ್ದರೆ ಬಿಡಿ ಎಂದಷ್ಟೇ ಹೇಳಿ. ಆಮೇಲೆ ಅವರು ಹತ್ತನೆಯ ಕಂತು ಮುಗಿಸಿ ನಡುರಾತ್ರಿಯಲ್ಲಿ ಫೋನ್ ಮಾಡಿದರೆ ದಯವಿಟ್ಟು ಎತ್ತಿ.