ಫ್ಯಾನ್ ತಿರುಗುತ್ತಿದ್ದರೂ ಬಿಸಿಯಾಗುತ್ತಿದ್ದ ಲ್ಯಾಪ್‌ಟಾಪ್: ನನ್ನ ಅನುಭವ

ಆನ್ ಮಾಡಿದ ಹತ್ತು ನಿಮಿಷದಲ್ಲಿ ಪ್ರೊಸೆಸರ್ 95 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ವಿಡಿಯೊ ಕರೆಯ ನಡುವೆ ಲ್ಯಾಪ್‌ಟಾಪ್ ತಾನಾಗಿ ಆಫ್ ಆಗುತ್ತಿತ್ತು. ಫ್ಯಾನಿನ ಸದ್ದು ಜೋರಾಗಿತ್ತು, ಆದರೆ ಪಕ್ಕದ ಕಿಂಡಿಗೆ ಕೈಯೊಡ್ಡಿದರೆ ಗಾಳಿಯೇ ಇಲ್ಲ. ಈ ಸುಳಿವನ್ನು ನಾನು ತಿಂಗಳುಗಟ್ಟಲೆ ಕಡೆಗಣಿಸಿದ್ದೆ.

ಕೂಲಿಂಗ್ ಪ್ಯಾಡ್, ಬಯಾಸ್ (ಕಂಪ್ಯೂಟರನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್, ವಿಂಡೋಸ್ ಮರುಸ್ಥಾಪನೆ ಯಾವುದೂ ಫಲಿಸಲಿಲ್ಲ. ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 99%ಕ್ಕೆ ಇಳಿಸಿದಾಗ ಟರ್ಬೊ (ಪ್ರೊಸೆಸರ್ ತಾನಾಗಿ ಹೆಚ್ಚಿನ ವೇಗಕ್ಕೆ ಏರುವ ವ್ಯವಸ್ಥೆ) ನಿಂತು ತುಸು ತಣ್ಣಗಾಯಿತು, ಅಷ್ಟೇ. ಹೊರಗಿನಿಂದ ಗಾಳಿ ಊದಿದ್ದಂತೂ ಕಸವನ್ನು ಇನ್ನಷ್ಟು ಒಳಕ್ಕೆ ತಳ್ಳಿತು.

ಕೊನೆಗೆ ತಳದ ಮುಚ್ಚಳ ಬಿಚ್ಚಿದೆ. ಚಾರ್ಜರ್ ತೆಗೆದು, ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಬೇಕು, ಉಳಿದದ್ದೆಲ್ಲ ಆಮೇಲೆ. ಫ್ಯಾನನ್ನು ಎತ್ತಿದಾಗ ಅದಕ್ಕೂ ಹೀಟ್‌ಸಿಂಕಿನ (ಪ್ರೊಸೆಸರಿನ ಬಿಸಿಯನ್ನು ಹೊರಹಾಕುವ ಲೋಹದ ಭಾಗ) ತಗಡುಗಳಿಗೂ ನಡುವೆ ಕಂಬಳಿಯಂತೆ ಧೂಳಿನ ಪದರ ಕಂಡಿತು. ಫ್ಯಾನ್ ಬಿಚ್ಚದೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಚಿಮುಟದಿಂದ ಎಳೆದು ತೆಗೆದು, ಮೆತ್ತನೆಯ ಬ್ರಷ್‌ನಿಂದ ಉಜ್ಜಿದೆ. ಗಾಳಿ ಊದುವಾಗ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಅತಿವೇಗಕ್ಕೆ ಬೇರಿಂಗ್ ಕೆಡಬಹುದು.

ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಅಚ್ಚಾಗಿತ್ತು. ಬಿಚ್ಚುವಾಗ 4ರಿಂದ 1ಕ್ಕೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿದೆ. ಒಣಗಿ ಪುಡಿಯಾಗಿದ್ದ ಹಳೆಯ ಥರ್ಮಲ್ ಪೇಸ್ಟನ್ನು (ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಲೇಪ) ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪ್ರೊಸೆಸರ್ ಚಿಪ್‌ನ ನಟ್ಟನಡುವೆ ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆ. ಬೆರಳಿನಿಂದ ಹರಡಲಿಲ್ಲ. ಬಿಗಿಯುವಾಗ 1ರಿಂದ 4ಕ್ಕೆ: ಮೊದಲ ಸುತ್ತಿನಲ್ಲಿ ಅರ್ಧ, ಎರಡನೆಯದರಲ್ಲಿ ಪೂರ್ತಿ. ಫ್ಯಾನಿನ ತಂತಿ ಸಿಕ್ಕಿಸಿ, ಬ್ಯಾಟರಿಯನ್ನು ಕೊನೆಗೆ ಜೋಡಿಸಿದೆ.

ಈಗ ಸುಮ್ಮನಿದ್ದಾಗ 46 ಡಿಗ್ರಿ, ಒಂದು ಗಂಟೆಯ ವಿಡಿಯೊ ಕರೆಯಲ್ಲಿ 74.